ಕಾದಂಬರಿಯ ಪಕ್ಕದಲ್ಲೊಂದು ದಿನಚರಿ

1989ರಲ್ಲಿ ಅಮೆರಿಕದಲ್ಲಿ 'ವರ್ಕಿಂಗ್ ಡೇಸ್' ಎಂಬ ದಿನಚರಿಯೊಂದು ಅಚ್ಚಾಯಿತು. ಬರೆದವನು ತೀರಿಕೊಂಡು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. ಜಾನ್ ಸ್ಟೀನ್‌ಬೆಕ್ 1938ರಲ್ಲಿ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಬರೆಯುತ್ತಿದ್ದಾಗ, ದಿನದ ಕೆಲಸಕ್ಕೆ ಕೂರುವ ಮುನ್ನ ಗೀಚಿಟ್ಟ ಟಿಪ್ಪಣಿಗಳು ಅದರ ಮುಖ್ಯ ಭಾಗ. ಕಾದಂಬರಿಯನ್ನು ಬಲ್ಲವರಿಗೆ ಈ ಪುಟಗಳು ಬೆರಗು ಹುಟ್ಟಿಸುತ್ತವೆ. ಅಷ್ಟು ಗಟ್ಟಿ ದನಿಯ ಕೃತಿಯನ್ನು ಕೊಟ್ಟ ಮನುಷ್ಯ, ತಾನು ಲೇಖಕನೇ ಅಲ್ಲವೆಂದೂ ಇಷ್ಟು ದಿನ ತನ್ನನ್ನೂ ಇತರರನ್ನೂ ಮರುಳು ಮಾಡುತ್ತ ಬಂದವನೆಂದೂ ನಡುಬರಹದಲ್ಲಿಯೇ ಬರೆದುಕೊಂಡಿದ್ದಾನೆ.

ಆಗ ಅವನಿಗೆ ಮೂವತ್ತಾರು ವರ್ಷ. ಹೊಸಬನೇನಲ್ಲ. 1935ರ 'ಟೋರ್ಟಿಯಾ ಫ್ಲಾಟ್', 1937ರ 'ಆಫ್ ಮೈಸ್ ಅಂಡ್ ಮೆನ್' ಅವನಿಗೆ ಹೆಸರು ತಂದಿದ್ದವು. ಹಾಗಿದ್ದೂ ಈ ಅಳುಕು ಏಕೆ? ಅರ್ಧ ಕಾರಣ ಅವನ ಸ್ವಭಾವದಲ್ಲಿದ್ದರೆ, ಇನ್ನರ್ಧ ಅವನು ಎತ್ತಿಕೊಂಡ ವಸ್ತುವಿನಲ್ಲಿತ್ತು.

ಬರಗಾಲ, ಧೂಳಿನ ಬಿರುಗಾಳಿ ಮತ್ತು ಸಾಲಗಳಿಂದಾಗಿ ಆ ದಶಕದಲ್ಲಿ ಒಕ್ಲಹೋಮ ಮತ್ತು ಸುತ್ತಲ ಸೀಮೆಯ ಗೇಣಿದಾರರು ನೆಲ ಕಳೆದುಕೊಂಡರು. ಹಳೆಯ ಮೋಟಾರುಗಳಲ್ಲಿ ಸಂಸಾರ ಹೇರಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದವರಿಗೆ ಸಿಕ್ಕಿದ್ದು ಹಣ್ಣು, ಹತ್ತಿ ಬಿಡಿಸುವ ಅರೆಹೊಟ್ಟೆಯ ಕೂಲಿ. 1936ರಲ್ಲಿ 'ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್' ಪತ್ರಿಕೆಗಾಗಿ ಸ್ಟೀನ್‌ಬೆಕ್ ಈ ವಲಸೆಗಾರರ ಬಿಡಾರಗಳನ್ನು ಸುತ್ತಿ ಏಳು ಲೇಖನ ಬರೆದ. ಸರ್ಕಾರಿ ಶಿಬಿರವೊಂದರ ಮೇಲ್ವಿಚಾರಕ ಟಾಮ್ ಕಾಲಿನ್ಸ್ ಅವನಿಗೆ ದಾರಿ ತೋರಿಸಿದ. 1938ರ ಆರಂಭದಲ್ಲಿ ವೈಸೇಲಿಯಾದ ಸುತ್ತ ಮಳೆ ನೀರು ನುಗ್ಗಿ, ಡೇರೆಗಳಲ್ಲಿದ್ದ ಸಾವಿರಾರು ಸಂಸಾರಗಳು ಹಸಿವು, ಕಾಯಿಲೆಗಳಿಗೆ ತುತ್ತಾದಾಗ ಅವನು ಅಲ್ಲಿಯೂ ಓಡಾಡಿದ. ಕಣ್ಣಾರೆ ಕಂಡ ಈ ಸಂಕಟವನ್ನು ಕೆಟ್ಟದಾಗಿ ಬರೆದರೆ ಅದು ಆ ಜನಕ್ಕೆ ಬಗೆದ ದ್ರೋಹ. ಅವನ ಭಯದ ಬೇರು ಇಲ್ಲಿದೆ.

ಮೊದಲ ಪ್ರಯತ್ನ ಕೆಟ್ಟಿತು ಕೂಡ. ತನ್ನ ಹುಟ್ಟೂರು ಸಲೀನಾಸ್‌ನಲ್ಲಿ 1936ರಲ್ಲಿ ನಡೆದ ಲೆಟಿಸ್ ಸೊಪ್ಪಿನ ಕಾರ್ಮಿಕರ ಮುಷ್ಕರವನ್ನು ಕುರಿತು ಅವನೊಂದು ವಿಡಂಬನೆ ಬರೆದಿದ್ದ. ಮುಷ್ಕರ ಮುರಿದ ಊರಿನ ದೊಡ್ಡಮನುಷ್ಯರ ಮೇಲಿನ ಸಿಟ್ಟೇ ಅದರ ಬಂಡವಾಳ. 1938ರ ಮೇ ತಿಂಗಳಲ್ಲಿ ಓದಿ ನೋಡಿದಾಗ, ಇದು ಜನರನ್ನು ಅರ್ಥಮಾಡಿಸುವ ಪುಸ್ತಕವಲ್ಲ, ದ್ವೇಷ ಹಬ್ಬಿಸುವ ಪುಸ್ತಕ ಎಂದು ಅವನಿಗೆ ಅನಿಸಿತು. ಹೆಂಡತಿ ಕ್ಯಾರೊಲ್‌ಗೂ ಅದು ಹಿಡಿಸಿರಲಿಲ್ಲ. ಪ್ರಕಾಶಕ ಪ್ಯಾಸ್ಕಲ್ ಕೊವೀಚಿ ಕಾದು ಕುಳಿತಿದ್ದರೂ ಪುಸ್ತಕ ಕೊಡುವುದಿಲ್ಲವೆಂದು ತಿಳಿಸಿ, ಹಸ್ತಪ್ರತಿಯನ್ನು ನಾಶಮಾಡಿದ.

ಅದೇ ತಿಂಗಳ ಕೊನೆಗೆ ಹೊಸ ಕಾದಂಬರಿ ಶುರುವಾಯಿತು. ಲೆಕ್ಕ ಸರಳ: ದಿನಕ್ಕೆ ಸುಮಾರು ಎರಡು ಸಾವಿರ ಪದ. ಬೆಳಗ್ಗೆ ಮೊದಲು ದಿನಚರಿ, ಆಮೇಲೆ ಕಾದಂಬರಿ. ದಿನಚರಿಯಲ್ಲಿ ಸಾಹಿತ್ಯ ಚಿಂತನೆ ಕಡಿಮೆ. ಇಂದು ಯಾವ ದೃಶ್ಯ, ನಿನ್ನೆ ಎಷ್ಟು ಬರೆದದ್ದು, ಯಾವ ನೆಂಟರು ಬರುವವರಿದ್ದಾರೆ, ಹೊಟ್ಟೆ ಸರಿಯಿದೆಯೇ ಎಂಬಂಥ ಸಂಗತಿಗಳೇ ಹೆಚ್ಚು. ಲಾಸ್ ಗ್ಯಾಟೋಸ್‌ನ ಆ ಮನೆಯ ಸುತ್ತ ಹೊಸ ಮನೆಗಳು ಏಳುತ್ತಿದ್ದವು. ಸುತ್ತಿಗೆಯ ಸದ್ದಿಗೆ ತಲೆ ಸಿಡಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಸದ್ದೂ ದಿನಚರಿಗೆ ಬಂದಿದೆ. ಕ್ಯಾರೊಲ್‌ಗೆ ಶಸ್ತ್ರಚಿಕಿತ್ಸೆಯಾಯಿತು. ಕೊವೀಚಿಯ ಸಂಸ್ಥೆ ದಿವಾಳಿಯೆದ್ದಿತು. ಇದರ ನಡುವೆ ಹೊಸ ಜಮೀನು ಕೊಳ್ಳುವ ಗಡಿಬಿಡಿ, ಚಾರ್ಲಿ ಚಾಪ್ಲಿನ್‌ನಂಥ ಅತಿಥಿಗಳು ಬೇರೆ. ಆಗಸ್ಟ್‌ನಲ್ಲಿ ಅವನ ಧೈರ್ಯ ಕುಸಿಯಿತು. ತಾನು ಲೇಖಕನಲ್ಲವೆಂದು ಬರೆದುಕೊಂಡದ್ದು ಆಗಲೇ.

ಮೇ ತಿಂಗಳ ಸಂದೇಹಕ್ಕೂ ಆಗಸ್ಟಿನ ಸಂದೇಹಕ್ಕೂ ಒಂದು ವ್ಯತ್ಯಾಸವಿದೆ. ಮೇ ತಿಂಗಳಲ್ಲಿ ಅವನ ಮುಂದೆ ಒಂದು ಹಸ್ತಪ್ರತಿ ಇತ್ತು. ಅದನ್ನು ಓದಿ ಚೆನ್ನಾಗಿಲ್ಲವೆಂದ. ಆಗಸ್ಟಿನಲ್ಲಿ ಪುಸ್ತಕವೇ ಪೂರ್ತಿಯಾಗಿರಲಿಲ್ಲ. ಅವನು ತೀರ್ಪು ಕೊಟ್ಟದ್ದು ತನ್ನ ಮೇಲೆ. ಬರೆದದ್ದನ್ನು ಓದಿ ಪರೀಕ್ಷಿಸಬಹುದು, ತನ್ನ ಯೋಗ್ಯತೆಯನ್ನು ಪರೀಕ್ಷಿಸುವುದು ಯಾವ ಅಳತೆಗೋಲಿನಿಂದ? ಅವನು ಎರಡನೆಯ ಸಂದೇಹದೊಡನೆ ವಾದ ಮಾಡಲಿಲ್ಲ. ದಿನಚರಿಯಲ್ಲಿ ಅದನ್ನು ಬರೆದಿಟ್ಟು ಅಂದಿನ ಪುಟಗಳಿಗೆ ಕೈಹಾಕಿದ. ಸಂದೇಹ ಪಡುವವನೇ ದೊಡ್ಡ ಲೇಖಕ ಎಂದು ಕೆಲವರು ಹೇಳುವುದುಂಟು. ಈ ಪುಟಗಳನ್ನು ಓದಿದರೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಎರಡನೆಯ ಸಂದೇಹದಿಂದ ಕಾದಂಬರಿಗೆ ಯಾವ ಉಪಕಾರವೂ ಆದಂತೆ ಕಾಣದು.

ಅವನು ಒಂಟಿಯಾಗಿಯೂ ಇರಲಿಲ್ಲ. ಗಂಡನ ಸಣ್ಣಕ್ಷರದ ಬರಹವನ್ನು ಕ್ಯಾರೊಲ್ ಟೈಪು ಮಾಡುತ್ತ ತಿದ್ದುತ್ತ ಹೋದಳು. ಸೆಪ್ಟೆಂಬರಿನಲ್ಲಿ ಪುಸ್ತಕಕ್ಕೆ ಹೆಸರು ಹುಡುಕಿಕೊಟ್ಟವಳೂ ಆಕೆಯೇ. ಅರ್ಪಣೆಯಲ್ಲಿ ಟಾಮ್ ಕಾಲಿನ್ಸ್ ಜೊತೆ ಆಕೆಯ ಹೆಸರಿದೆ. ಅಕ್ಟೋಬರ್ ನಡುವಿನ ಹೊತ್ತಿಗೆ ಅವನು ನಿರಾಶೆಯನ್ನು ಮತ್ತೆ ದಾಖಲಿಸಿದ: ಇದು ತಾನು ಆಶಿಸಿದ ಮಹಾಕೃತಿಯಲ್ಲ, ಸಾಧಾರಣ ಪುಸ್ತಕ, ಆದರೆ ತನ್ನಿಂದ ಸಾಧ್ಯವಿರುವುದು ಇಷ್ಟೇ. ಅಕ್ಟೋಬರ್ 26ರಂದು ಕಾದಂಬರಿ ಮುಗಿಯಿತು. ಐದು ತಿಂಗಳಲ್ಲಿ ಸುಮಾರು ಎರಡು ಲಕ್ಷ ಪದ. ಆಮೇಲೆ ಹಾಸಿಗೆ ಹಿಡಿದ.

ಹೆಚ್ಚು ಜನ ಓದಲಾರರು, ಕಡಿಮೆ ಪ್ರತಿ ಅಚ್ಚು ಹಾಕಿ ಎಂದು ಪ್ರಕಾಶಕರಿಗೆ ಅವನೇ ಹೇಳಿದ್ದ. 1939ರ ಏಪ್ರಿಲ್ 14ರಂದು ಹೊರಬಂದ ಪುಸ್ತಕ ಒಂದು ವರ್ಷದೊಳಗೆ ನಾಲ್ಕು ಲಕ್ಷಕ್ಕೂ ಮೀರಿ ಖರ್ಚಾಯಿತು. ಕರ್ನ್ ಕೌಂಟಿಯ ಗ್ರಂಥಾಲಯ, ಶಾಲೆಗಳಲ್ಲಿ ಅದಕ್ಕೆ ನಿಷೇಧ ಬಿತ್ತು. 1940ರಲ್ಲಿ ಪುಲಿಟ್ಜರ್ ಬಂತು. ಹೊಗಳಿಕೆ ಅವನ ಅಳುಕನ್ನು ತೊಳೆಯಿತೆ? 1962ರಲ್ಲಿ ನೊಬೆಲ್ ಘೋಷಣೆಯಾದಾಗ, ನೀವು ಇದಕ್ಕೆ ಅರ್ಹರೇ ಎಂದು ಸುದ್ದಿಗಾರರು ಕೇಳಿದರೆ, ನಿಜ ಹೇಳಬೇಕೆಂದರೆ ಇಲ್ಲ ಎಂದುಬಿಟ್ಟ.

ಈ ಗೆಲುವಿಗೆ ಇನ್ನೊಂದು ಮಗ್ಗುಲಿದೆ. ಅದೇ ವಲಸೆಗಾರರ ನಡುವೆ, ಅದೇ ಟಾಮ್ ಕಾಲಿನ್ಸ್ ಜೊತೆ ಕೆಲಸ ಮಾಡಿದ್ದ ಸನೋರಾ ಬ್ಯಾಬ್ ಎಂಬ ಲೇಖಕಿಯೂ ಒಂದು ಕಾದಂಬರಿ ಬರೆದಿದ್ದಳು. ಸ್ಟೀನ್‌ಬೆಕ್‌ನ ಪುಸ್ತಕ ಬಂದದ್ದರಿಂದ ಅದೇ ವಸ್ತುವಿನ ಇನ್ನೊಂದಕ್ಕೆ ಮಾರುಕಟ್ಟೆಯಿಲ್ಲವೆಂದು ರ‍್ಯಾಂಡಮ್ ಹೌಸ್ ಅದನ್ನು ಕೈಬಿಟ್ಟಿತು. ಅದು ಬೆಳಕು ಕಂಡದ್ದು 2004ರಲ್ಲಿ, ಅವಳ ಇಳಿವಯಸ್ಸಿನಲ್ಲಿ.

ಸ್ಟೀನ್‌ಬೆಕ್ ಮುಂದೆ ಈ ದಿನಚರಿಯನ್ನು ಕೊವೀಚಿಯ ವಶಕ್ಕೆ ಕೊಟ್ಟ. ತಾನು ಬದುಕಿರುವಷ್ಟು ದಿನ ಅಚ್ಚು ಹಾಕಬಾರದು, ತಂದೆಯ ಹೆಸರಿನ ಹಿಂದೆ ಎಂಥ ಮನುಷ್ಯನಿದ್ದನೆಂದು ಮಕ್ಕಳಿಗೆ ನೋಡಬೇಕೆನಿಸಿದರೆ ನೋಡಲಿ ಎಂಬುದು ಅವನ ಇಚ್ಛೆ. ಅಭ್ಯಾಸವನ್ನಂತೂ ಅವನು ಬಿಡಲಿಲ್ಲ. 1951ರಲ್ಲಿ 'ಈಸ್ಟ್ ಆಫ್ ಈಡನ್' ಬರೆಯುವಾಗ ದೊಡ್ಡ ಪುಸ್ತಕದ ಎಡಪುಟದಲ್ಲಿ ಕೊವೀಚಿಗೆ ದಿನವೂ ಒಂದು ಪತ್ರ, ಬಲಪುಟದಲ್ಲಿ ಕಾದಂಬರಿ. ಮುಗಿದ ಮೇಲೆ ಮರದಲ್ಲೊಂದು ಪೆಟ್ಟಿಗೆಯನ್ನು ತಾನೇ ಕೆತ್ತಿ, ಹಸ್ತಪ್ರತಿಯನ್ನು ಅದರಲ್ಲಿಟ್ಟು ಗೆಳೆಯನಿಗೆ ಕಳಿಸಿಕೊಟ್ಟ.