ಶ್ರೀಕಾಕುಳದ ಗಿರಿಜನರು ಆಯುಧ ಹಿಡಿದುದೇಕೆ?

ಬಡವನು ಹಿಂಸೆಯ ಹಾದಿಗೆ ಇಳಿದಾಗ ಸಮಾಜವು ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳಿಕೊಳ್ಳುತ್ತದೆ. ಹಸಿವು ಅವನನ್ನು ಕೆರಳಿಸಿತು ಎಂಬುದು ಒಂದು. ಹೊರಗಿನವರು ಬಂದು ಅವನ ತಲೆ ಕೆಡಿಸಿದರು ಎಂಬುದು ಇನ್ನೊಂದು. ಆಂಧ್ರಪ್ರದೇಶದ ಶ್ರೀಕಾಕುಳಂ ಜಿಲ್ಲೆಯಲ್ಲಿ 1960ರ ದಶಕದಲ್ಲಿ ನಡೆದ ಘಟನೆಗಳನ್ನು ಅವಲೋಕಿಸಿದರೆ ಇವೆರಡೂ ಅಪೂರ್ಣವೆಂಬುದು ಮನವರಿಕೆಯಾಗುತ್ತದೆ.

ಅಲ್ಲಿನ ಬೆಟ್ಟಸಾಲುಗಳಲ್ಲಿ ಸವರ, ಜಾತಾಪು ಮೊದಲಾದ ಗಿರಿಜನರು ವಾಸಿಸುತ್ತಾರೆ. ಕಾಡು ಕಡಿದು ಮಾಡುವ ‘ಪೋಡು’ ಬೇಸಾಯ ಮತ್ತು ಹುಣಸೆಹಣ್ಣಿನಂತಹ ಕಾಡಿನ ಉತ್ಪನ್ನಗಳು ಅವರ ಜೀವನಾಧಾರವಾಗಿದ್ದವು. ಬಯಲುಸೀಮೆಯಿಂದ ಬಂದ ಸಾಹುಕಾರರು ಉಪ್ಪು, ಬಟ್ಟೆ, ಧಾನ್ಯಗಳನ್ನು ಸಾಲವಾಗಿ ಕೊಟ್ಟು, ಪ್ರತಿಯಾಗಿ ಬೆಳೆಯನ್ನೂ ಕಾಡಿನ ಉತ್ಪನ್ನವನ್ನೂ ತಮ್ಮ ಅಳತೆಯಲ್ಲಿ, ತಾವು ಹೇಳಿದ ಬೆಲೆಗೆ ಪಡೆಯುತ್ತಿದ್ದರು. ಲೆಕ್ಕ ಬರೆಯುವವನು ಸಾಹುಕಾರ, ಹೆಬ್ಬೆಟ್ಟು ಒತ್ತುವವನು ಗಿರಿಜನ. ಬಡ್ಡಿ ಬೆಳೆದಂತೆ ಭೂಮಿಯೂ ಕೈಬಿಟ್ಟು ಹೋಗುತ್ತಿತ್ತು.

ಇದನ್ನು ತಡೆಯುವ ಕಾನೂನು ಇರಲಿಲ್ಲವೆಂದು ಭಾವಿಸಬಾರದು. 1917ರಷ್ಟು ಹಿಂದೆಯೇ ಮದರಾಸು ಸರ್ಕಾರವು ಈ ಪ್ರದೇಶಕ್ಕಾಗಿ ವಿಶೇಷ ಕಾಯಿದೆಯನ್ನು ಮಾಡಿತ್ತು. ಅದರ ಪ್ರಕಾರ ಅಧಿಕಾರಿಗಳ ಅನುಮತಿಯಿಲ್ಲದೆ ಗಿರಿಜನರ ಭೂಮಿ ಅನ್ಯರಿಗೆ ಸೇರುವಂತಿರಲಿಲ್ಲ. ವಾರ್ಷಿಕ ಬಡ್ಡಿ ಶೇಕಡಾ 24ನ್ನು ಮೀರುವಂತಿರಲಿಲ್ಲ. 1959ರಲ್ಲಿ ಆಂಧ್ರ ಸರ್ಕಾರವು ಹೊಸ ನಿಯಮಾವಳಿಯನ್ನೂ ತಂದಿತು. ಆದರೆ ಇವು ಬಹುಮಟ್ಟಿಗೆ ಕಡತಗಳಲ್ಲಿಯೇ ಉಳಿದವು.

1950ರ ದಶಕದ ಕೊನೆಯ ಹೊತ್ತಿಗೆ ಶಾಲಾ ಉಪಾಧ್ಯಾಯರಾಗಿದ್ದ ವೆಂಪಟಾಪು ಸತ್ಯನಾರಾಯಣ, ಆದಿಭಟ್ಲ ಕೈಲಾಸಂ ಮುಂತಾದ ಕಮ್ಯೂನಿಸ್ಟರು ಗಿರಿಜನರನ್ನು ಸಂಘಟಿಸತೊಡಗಿದರು. ಕೂಲಿ ಹೆಚ್ಚಳ, ಭೂಮಿಯ ಮರಳಿಕೆ, ಸಾಲದಿಂದ ಬಿಡುಗಡೆ ಇವು ಗಿರಿಜನ ಸಂಘದ ಬೇಡಿಕೆಗಳು. ಸಭೆ, ಮೆರವಣಿಗೆ, ಮುಷ್ಕರಗಳು ಅದರ ಮಾರ್ಗಗಳು. 1967ರ ಅಕ್ಟೋಬರ್ 31ರಂದು ಸಂಘದ ಸಮ್ಮೇಳನಕ್ಕೆ ಹೊರಟಿದ್ದವರ ಮೇಲೆ ಲೇವಿಡಿ ಗ್ರಾಮದಲ್ಲಿ ಭೂಮಾಲೀಕರ ಕಡೆಯವರು ಗುಂಡು ಹಾರಿಸಿದರು. ಇಬ್ಬರು ಗಿರಿಜನರು ಮಡಿದರು. 1968ರಲ್ಲಿ ನ್ಯಾಯಾಲಯದಿಂದ ಆರೋಪಿಗಳ ಬಿಡುಗಡೆಯಾಯಿತು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಸಶಸ್ತ್ರ ದಾಳಿಗಳು ಆರಂಭವಾದವು.

ಈ ಕ್ರಮವನ್ನು ಗಮನಿಸಬೇಕು. ಹಸಿವು ತಲೆಮಾರುಗಳಿಂದಲೂ ಇತ್ತು. ನಾಯಕರು ಬಂದು ಸುಮಾರು ಹತ್ತು ವರ್ಷಗಳಾಗಿದ್ದವು. ಅಷ್ಟೂ ಕಾಲ ಗಿರಿಜನರು ಸಂಘದ ಮಾರ್ಗದಲ್ಲಿಯೇ ನಡೆದರು. ಕಾನೂನು ತಮ್ಮ ಬಡ್ಡಿಯನ್ನು ಅಳೆಯದು, ತಮ್ಮವರ ಸಾವಿಗೂ ಉತ್ತರ ಕೊಡದು ಎಂಬ ನಂಬಿಕೆ ಬಲಿತಾಗ ಆಯುಧದ ಮಾತು ಅವರ ಕಿವಿಗೆ ಹಿತವಾಯಿತು.

ಆಯುಧದಿಂದ ದೊರೆತುದೇನು? 1969ರ ಏಪ್ರಿಲ್‌ನಲ್ಲಿ ಸ್ಥಾಪನೆಯಾದ ಮಾರ್ಕ್ಸ್‌ವಾದಿ-ಲೆನಿನ್‌ವಾದಿ ಪಕ್ಷವು ಭೂಮಾಲೀಕರನ್ನೂ ಸಾಹುಕಾರರನ್ನೂ ಒಬ್ಬೊಬ್ಬರಾಗಿ ಕೊಲ್ಲುವುದನ್ನೇ ಮಾರ್ಗವೆಂದು ಸಾರಿತು. ಪೊಲೀಸ್ ಪಡೆಗಳು ಬೆಟ್ಟವೇರಿದವು. 1970ರ ಜುಲೈನಲ್ಲಿ ಸತ್ಯನಾರಾಯಣ ಮತ್ತು ಕೈಲಾಸಂ ಪೊಲೀಸರ ಗುಂಡಿಗೆ ಬಲಿಯಾದರು, ಚಳವಳಿ ಕುಸಿಯಿತು. ಭೂಮಿಗಾಗಿ ಹೊರಟ ಅನೇಕ ಗಿರಿಜನರಿಗೆ ಸೆರೆಮನೆಯೋ ಮರಣವೋ ಪ್ರಾಪ್ತವಾಯಿತು.

ಅದೇ 1970ರಲ್ಲಿ ಸರ್ಕಾರವು ಭೂ ನಿಯಮಾವಳಿಯನ್ನು ಬಿಗಿಗೊಳಿಸಿತು. ಅನುಸೂಚಿತ ಪ್ರದೇಶದಲ್ಲಿ ಅನ್ಯರ ವಶದಲ್ಲಿರುವ ಭೂಮಿಯು ಗಿರಿಜನರಿಂದ ಬಂದುದೆಂದೇ ಭಾವಿಸತಕ್ಕದ್ದು, ಅಲ್ಲವೆಂದು ಸಾಧಿಸುವ ಹೊಣೆ ವಶದಲ್ಲಿಟ್ಟುಕೊಂಡವನದು ಎಂದಾಯಿತು. ಕ್ರಮವೇನೋ ನ್ಯಾಯವಾದುದೇ. ಆದರೆ ಶಾಂತವಾಗಿ ಕೇಳಿದಾಗ ಮಲಗಿದ್ದ ನ್ಯಾಯವು ರಕ್ತ ಹರಿದ ಮೇಲೆ ಎಚ್ಚತ್ತರೆ, ಹಿಂಸೆಯೇ ಫಲ ಕೊಡುವ ಮಾರ್ಗವೆಂಬ ಘೋರ ಪಾಠವನ್ನು ಸಮಾಜವೇ ಕಲಿಸಿದಂತಾಗುತ್ತದೆ.

ಕೊಲೆಯನ್ನು ಯಾವ ಕಾರಣವೂ ಸಮರ್ಥಿಸಲಾರದು. ಹಾಗೆಯೇ ಅದರ ಹಿಂದಿನ ಅನ್ಯಾಯವೂ ಕ್ಷಮ್ಯವಲ್ಲ. ಕೊಡುವಾಗ ಕಡಮೆ, ಕೊಳ್ಳುವಾಗ ಹೆಚ್ಚು ಅಳೆಯುವ ‘ಹೀನಾಧಿಕ ಮಾನೋನ್ಮಾನ’ವನ್ನು ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಬಂದೂಕಿನ ಹಿಂಸೆ ಕಣ್ಣಿಗೆ ಕಾಣುತ್ತದೆ; ತಕ್ಕಡಿಯ ಹಿಂಸೆ ಲೆಕ್ಕದ ಪುಸ್ತಕದಲ್ಲಿ ಅಡಗಿರುತ್ತದೆ. ಸಾಲಪತ್ರವನ್ನೋ ಗೇಣಿಯ ಕರಾರನ್ನೋ ಅಕ್ಷರವರಿಯದವನಿಗೆ ಓದಿ ತಿಳಿಸಿದ ಮೇಲೆಯೇ ಹೆಬ್ಬೆಟ್ಟು ಪಡೆಯುವುದು, ಕೊಟ್ಟ ಹಣಕ್ಕೆ ತಪ್ಪದೆ ರಶೀದಿ ನೀಡುವುದು ವ್ಯಾಪಾರಸ್ಥರ ಮನೆಗಳಿಗೂ ದೇವಾಲಯದ ಆಡಳಿತ ಮಂಡಳಿಗಳಿಗೂ ಅಸಾಧ್ಯವೇನಲ್ಲ. ಅಹಿಂಸೆಯ ಆಚರಣೆ ಅಲ್ಲಿಂದಲೇ ಮೊದಲಾಗಬೇಕು.