ಕನ್ನಡಿ ಮತ್ತು ಪುಸ್ತಕ

1996ರ ನವೆಂಬರ್. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ. ಪ್ರತಿಭಟನೆಯ ಕಾವಿಗೆ ಈಜುಡುಗೆಯ ಸುತ್ತನ್ನು ದೂರದ ಸೆಶೆಲ್ಸ್‌ಗೆ ಸಾಗಿಸಿದ್ದರು. ನಮ್ಮ ದೊಡ್ಡಬಳ್ಳಾಪುರದಲ್ಲೂ ಮಗ್ಗದ ಸದ್ದನ್ನು ಮೀರಿ ಅದೇ ಮಾತು. ಆಗ ನಾನು ಬಿ.ಎಸ್‌ಸಿ. ಓದುತ್ತಿದ್ದೆ. ಒಂದು ಸಂಜೆ ತಲೆ ಬಾಚುತ್ತಿದ್ದಾಗ ಸೋದರತ್ತೆ ಕನ್ನಡಿ ಕಸಿದುಕೊಂಡರು: "ಚೆಂದ ಇರೋಳಿಗೆ ಓದ್ಯಾಕೆ? ಓದೋಳಿಗೆ ಕನ್ನಡಿ ಯಾಕೆ?" ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ ಮೂವತ್ತು ವರ್ಷ ಹಿಂದೆಯೇ ಸಿಕ್ಕಿತ್ತೆಂದು ಆಮೇಲೆ ತಿಳಿಯಿತು. 1966ರಲ್ಲಿ ಲಂಡನ್ನಿನಲ್ಲಿ ಅದೇ ಕಿರೀಟ ಧರಿಸಿದ ಮೊದಲ ಭಾರತೀಯಳು ರೀಟಾ ಫಾರಿಯಾ. ಗೋವಾ ಮೂಲದ ಮನೆತನದ ಆಕೆ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಒಂದು ವರ್ಷದ ಪಟ್ಟ ಮುಗಿದದ್ದೇ ತಡ, ಮಾಡೆಲಿಂಗ್, ಸಿನಿಮಾಗಳತ್ತ ತಿರುಗದೆ ಮತ್ತೆ ಪುಸ್ತಕ ಹಿಡಿದರು. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಲಿತು ವೈದ್ಯೆಯಾದರು. ಮುಂದೆ ಐರ್ಲೆಂಡಿನಲ್ಲಿ ನೆಲೆಸಿದರು.

ನಮ್ಮ ಮಂಗಳೂರು ಸೀಮೆಯ ಶ್ರೀನಿಧಿ ಶೆಟ್ಟಿ ಹಿಡಿದದ್ದು ಬೇರೆ ದಾರಿ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, ಕಂಪನಿಯ ಕೆಲಸದ ಜೊತೆಗೇ ಮಾಡೆಲಿಂಗ್ ಮಾಡಿದರು. 2016ರಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರನ್ಯಾಷನಲ್ ಆದರು, 2018ರಲ್ಲಿ 'ಕೆ.ಜಿ.ಎಫ್.' ಚಿತ್ರದ ನಾಯಕಿಯಾದರು. ಒಬ್ಬರು ಕಿರೀಟದಿಂದ ಓದಿಗೆ, ಇನ್ನೊಬ್ಬರು ಓದಿನಿಂದ ಕಿರೀಟಕ್ಕೆ. ಆಯ್ಕೆ ಮಾತ್ರ ಇಬ್ಬರದೂ ಸ್ವಂತದ್ದು.

ಮೊನ್ನೆ, ರಸಾಯನಶಾಸ್ತ್ರ ಓದುವ ನನ್ನ ಮಗಳು ಊರಿನ ಸೀರೆ ಅಂಗಡಿಯೊಂದರ ಜಾಹೀರಾತಿಗೆ ಫೋಟೋ ತೆಗೆಸಿಕೊಳ್ಳುತ್ತೇನೆಂದಳು. ಅತ್ತೆಯ ಮಾತೇ ನನ್ನ ನಾಲಿಗೆಯ ತುದಿಗೆ ಬಂತು ನೋಡಿ! ನುಂಗಿಕೊಂಡೆ. ನೆರಿಗೆ ಸರಿಮಾಡಿ, ಕನ್ನಡಿಯನ್ನು ಅವಳ ಕೈಗೆ ಕೊಟ್ಟೆ.