ಮಲಬಾರ್ ನಂಗು ಮೀನು

ವೈಜ್ಞಾನಿಕ ಹೆಸರು: ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್
ಕುಟುಂಬ: ಸೈನೋಗ್ಲಾಸಿಡೇ
ಸ್ಥಳೀಯ ಹೆಸರುಗಳು: ನಂಗು, ನಂಗ್ (ಕನ್ನಡ, ತುಳು), ಲೆಪೊ (ಕೊಂಕಣಿ), ಮಾಂತಳ್ (ಮಲಯಾಳಂ)

ಪರಿಚಯ
ನಂಗು ಚಪ್ಪಟೆ ಮೀನುಗಳ ಗುಂಪಿಗೆ ಸೇರಿದೆ. ಕರ್ನಾಟಕ ಹಾಗೂ ಕೇರಳ ಕರಾವಳಿಯ ಕೆಸರು ಮತ್ತು ಮರಳುಮಿಶ್ರಿತ ಸಮುದ್ರತಳವು ಇದರ ಮುಖ್ಯ ನೆಲೆಯಾಗಿದೆ. ಈ ಪ್ರಭೇದವನ್ನು 1928ರಲ್ಲಿ ನಾರ್ಮನ್ ಎಂಬ ವಿಜ್ಞಾನಿ ಹೆಸರಿಸಿದರು. ಅದಕ್ಕೂ ಮುನ್ನ ಹೆಸರಿಸಲಾಗಿದ್ದ ಸೈನೋಗ್ಲಾಸಸ್ ಸೆಮಿಫಾಸಿಯೇಟಸ್ ಎಂಬ ಹೆಸರಿನಲ್ಲಿಯೇ 1950ರ ದಶಕದ ಅಧ್ಯಯನಗಳು ಇದನ್ನು ಗುರುತಿಸಿವೆ.

ದೇಹರಚನೆ
ದೇಹವು ನಾಲಿಗೆಯಂತೆ ಉದ್ದವಾಗಿ ಚಪ್ಪಟೆಯಾಗಿದ್ದು, ಸಾಮಾನ್ಯವಾಗಿ 12ರಿಂದ 15 ಸೆಂ.ಮೀ. ಉದ್ದವಿರುತ್ತದೆ. ಎರಡೂ ಕಣ್ಣುಗಳು ಎಡಭಾಗದಲ್ಲಿವೆ. ಮರಿಯು ಮೊದಲಿಗೆ ಇತರ ಮೀನುಗಳಂತೆಯೇ ಇಕ್ಕೆಲಗಳಲ್ಲಿ ಒಂದೊಂದು ಕಣ್ಣನ್ನು ಹೊಂದಿ ನೀರಿನಲ್ಲಿ ಈಜುತ್ತಿರುತ್ತದೆ. ಬೆಳೆದಂತೆ ಬಲಗಣ್ಣು ಎಡಭಾಗಕ್ಕೆ ಸರಿದು, ಮೀನು ತಳಕ್ಕಿಳಿದು ಬಲಮಗ್ಗುಲಲ್ಲಿ ಮಲಗುತ್ತದೆ. ಮೇಲ್ಭಾಗವು ಕಂದು, ಕೆಳಭಾಗವು ಬಿಳಿ. ಎದೆಯ ಈಜುರೆಕ್ಕೆಗಳಿಲ್ಲ, ಬೆನ್ನು, ಗುದ ಮತ್ತು ಬಾಲದ ಈಜುರೆಕ್ಕೆಗಳು ಒಂದಾಗಿ ಕೂಡಿಕೊಂಡಿವೆ.

ಆಹಾರ ಮತ್ತು ಋತುಚಲನೆ
ಕೆಸರಿನಲ್ಲಿರುವ ಬಹುಶೂಕ ಹುಳುಗಳು, ಸಣ್ಣ ಕಠಿಣಚರ್ಮಿಗಳು ಮತ್ತು ಮೃದ್ವಂಗಿಗಳು ಇದರ ಆಹಾರ. ನೈಋತ್ಯ ಮುಂಗಾರಿನಲ್ಲಿ ದಡದ ಬಳಿಯ ತಳಜೀವಿಗಳು ಬಹುಮಟ್ಟಿಗೆ ನಾಶವಾಗುವುದರಿಂದ ನಂಗು ಆಳದ ನೀರಿಗೆ ಸರಿಯುತ್ತದೆ. ಮಳೆ ತಗ್ಗಿ ತಳಜೀವಿಗಳು ಮತ್ತೆ ಹೆಚ್ಚಿದಾಗ ಗುಂಪಾಗಿ ದಡದತ್ತ ಮರಳುತ್ತದೆ. ಶೇಷಪ್ಪ ಮತ್ತು ಭೀಮಾಚಾರ್ ಅವರು 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಹುರುಪೆಗಳ ಮೇಲಿನ ಉಂಗುರಗಳ ಆಧಾರದಿಂದ ವಯಸ್ಸನ್ನು ನಿರ್ಧರಿಸಿದರು. ಮಳೆಗಾಲದ ಆಹಾರದ ಕೊರತೆಯಿಂದ ಬೆಳವಣಿಗೆ ಕುಂಠಿತವಾಗುವುದೇ ಈ ಉಂಗುರಗಳಿಗೆ ಕಾರಣವೆಂದು ತಿಳಿಯಲಾಗಿದೆ.

ಮೀನುಗಾರಿಕೆ ಮತ್ತು ಉಪಯೋಗ
ಸೆಪ್ಟೆಂಬರ್–ಅಕ್ಟೋಬರ್ ಅವಧಿಯಲ್ಲಿ ನಂಗು ಹೇರಳವಾಗಿ ದೊರೆಯುತ್ತದೆ. ಟ್ರಾಲ್ ಬಲೆಗಳಲ್ಲಿ ಹಾಗೂ ದಡದ ಬಳಿ ಸಾಂಪ್ರದಾಯಿಕ ಬಲೆಗಳಲ್ಲಿ ಹಿಡಿಯಲಾಗುತ್ತದೆ. ತಾಜಾ ಮೀನು ಸಾರು ಹಾಗೂ ಹುರಿಯಲು ಬಳಕೆಯಾಗುತ್ತದೆ. ಹೆಚ್ಚಿನ ಇಳುವರಿ ಬಂದಾಗ ಬಿಸಿಲಿನಲ್ಲಿ ಒಣಗಿಸಿ ಒಣಮೀನಾಗಿ ಮಾರಾಟ ಮಾಡಲಾಗುತ್ತದೆ.

ಸಂರಕ್ಷಣೆ
ಇದು ಅಲ್ಪಾಯುಷಿ ಮೀನು. ಆದ್ದರಿಂದ ಒಂದು ವರ್ಷ ಮರಿಗಳು ಅತಿಯಾಗಿ ಬಲೆಗೆ ಬಿದ್ದಲ್ಲಿ ಅದರ ಪರಿಣಾಮವು ಮುಂದಿನ ಋತುವಿನ ಇಳುವರಿಯಲ್ಲಿಯೇ ಕಾಣುತ್ತದೆ. ದಡಕ್ಕೆ ಸಮೀಪದಲ್ಲಿ ತಳ ಗೋರುವ ಬಲೆಗಳು ಮೀನಿನೊಂದಿಗೆ ಅದರ ಆಹಾರದ ನೆಲೆಯನ್ನೂ ಕದಡುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಜಾರಿಯಲ್ಲಿರುವ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವನ್ನು ಪಾಲಿಸುವುದು, ಸಣ್ಣ ಕಣ್ಣಿನ ಬಲೆಗಳನ್ನು ಬಳಸದಿರುವುದು ಹಾಗೂ ಜೀವಂತ ಮರಿಗಳನ್ನು ಮರಳಿ ಸಮುದ್ರಕ್ಕೆ ಬಿಡುವುದು ಮೀನುಗಾರರ ಹಿತಕ್ಕೇ ಅನುಕೂಲಕರವಾಗಿದೆ.